ಆಸ್ಕರ್ ಮರಿ ಸಾಕಿದ ನನ್ನ ಅನುಭವ

ಅಕ್ವೇರಿಯಂ ಅಂಗಡೀಲಿ ಆಸ್ಕರ್ ಮೀನಿನ ಮರಿ ನೋಡಿದ್ರೆ ಯಾರಿಗಾದ್ರೂ ಆಸೆ ಆಗ್ಲೇಬೇಕು. ಎರಡು ಇಂಚು ಇರತ್ತೆ ಅಷ್ಟೆ, ಕಪ್ಪು ಮೈ ಮೇಲೆ ಬಿಳಿ, ಕಿತ್ತಳೆ ಬಣ್ಣದ ಅಂಕುಡೊಂಕು ಪಟ್ಟೆ, ಗಾಜಿಗೆ ಮುಖ ಒಡ್ಡಿದ್ರೆ ಬೇರೆ ಮೀನೆಲ್ಲ ಹಿಂದಕ್ಕೆ ಓಡ್ತವೆ, ಇದು ಮುಂದೆ ಬಂದು ಕಣ್ಣು ಹೊರಳಿಸಿ ನಮ್ಮನ್ನೇ ನೋಡತ್ತೆ. ನಾನು ತಂದಿದ್ದು ಟೈಗರ್ ಆಸ್ಕರ್, ಶಿವಾಜಿನಗರದಲ್ಲಿ. ಚೆನ್ನೈನ ಕೊಳತ್ತೂರು ಕಡೆ ಮರಿ ಮಾಡಿಸಿದ್ದು ಅಂದ್ರು ಅಂಗಡಿಯವರು. ಮೂಲ ಮಾತ್ರ ದಕ್ಷಿಣ ಅಮೆರಿಕದ ಅಮೆಜಾನ್ ಕಡೆ ನದಿಗಳು.

"ಸರ್, ಎರಡಡಿ ಟ್ಯಾಂಕ್ ಸಾಕು, ಟ್ಯಾಂಕ್ ಎಷ್ಟಿರತ್ತೋ ಅಷ್ಟೇ ಬೆಳೆಯತ್ತೆ ಅದು" ಅಂದ ಅಲ್ಲಿದ್ದ ಹುಡುಗ. ಈ ಮಾತು ಎಲ್ಲಾ ಕಡೆ ಹೇಳ್ತಾರೆ, ದಯವಿಟ್ಟು ನಂಬಬೇಡಿ. ಚೆನ್ನಾಗಿ ನೋಡ್ಕೊಂಡ್ರೆ ಆಸ್ಕರ್ ಮೊದಲನೇ ವರ್ಷ ಹೆಚ್ಚುಕಮ್ಮಿ ತಿಂಗಳಿಗೆ ಒಂದು ಇಂಚು ಬೆಳೆಯತ್ತೆ, ದೊಡ್ಡದಾದಾಗ ಒಂದಡಿ ಮುಟ್ಟತ್ತೆ, ಹತ್ತು ವರ್ಷ ಮೇಲೂ ಬದುಕತ್ತೆ. ಚಿಕ್ಕ ಟ್ಯಾಂಕಲ್ಲಿ ಬೆಳವಣಿಗೆ ಕುಂಠಿತ ಆಗೋದು ನಿಜ, ಆದ್ರೆ ಅದು ಮೀನು ಜಾಗಕ್ಕೆ ಹೊಂದ್ಕೊಂಡಿದ್ದಲ್ಲ, ಗಲೀಜು ನೀರಲ್ಲಿ ಸೊರಗಿದ್ದು. ಅದಕ್ಕೇ ನಾನು ಮರಿ ತರೋಕೆ ಮುಂಚೆನೇ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಸ್ದೆ. ತುಂಬಿಸಿದ್ರೆ 250 ಲೀಟರ್ ಹತ್ರ ಹಿಡಿಯತ್ತೆ, ಅಂದ್ರೆ ಬರೀ ನೀರೇ ಕಾಲು ಟನ್, ಹಂಗಾಗಿ ಕಬ್ಬಿಣದ ಸ್ಟ್ಯಾಂಡ್, ಗೋಡೆ ಪಕ್ಕ, ಬಿಸಿಲು ಬೀಳದಿರೋ ಜಾಗ. ಒಂದು ಆಸ್ಕರ್‌ಗೆ ಇದು ಸರಿ. ಜೋಡಿ ಬೇಕು ಅಂದ್ರೆ 6 ಅಡಿ ಟ್ಯಾಂಕ್ ಬಗ್ಗೆ ಯೋಚನೆ ಮಾಡಿ.

ಟ್ಯಾಂಕ್ ಬಂದ ದಿನಾನೇ ಮೀನು ಬಿಡಬಾರದು. ಮೀನಿನ ಕಕ್ಕಸು, ಕಿವಿರು, ಉಳಿದ ಆಹಾರ ಇದೆಲ್ಲದ್ರಿಂದ ನೀರಿಗೆ ಅಮೋನಿಯಾ ಸೇರ್ತಾ ಇರತ್ತೆ, ಅದನ್ನ ಒಂದು ಜಾತಿ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡತ್ತೆ, ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡತ್ತೆ. ಮೊದಲನೆರಡೂ ವಿಷ, ಮೂರನೇದನ್ನ ಮೀನು ಸ್ವಲ್ಪ ಮಟ್ಟಿಗೆ ತಡ್ಕೊಳತ್ತೆ. ಆ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಲ್ಲಿ ಮನೆ ಮಾಡೋಕೆ ನಾಲ್ಕರಿಂದ ಆರು ವಾರ ಹಿಡಿಯತ್ತೆ. ನನ್ನ ಸ್ನೇಹಿತನ ಹಳೇ ಟ್ಯಾಂಕಿಂದ ಒಂದು ಕೊಳಕು ಸ್ಪಂಜ್ ಇಸ್ಕೊಂಡು ಬಂದು ನಮ್ಮ ಫಿಲ್ಟರ್ ಒಳಗೆ ಹಾಕಿದ್ರಿಂದ ಬೇಗ ಸೆಟ್ ಆಯ್ತು. ಆ ಕೊಳಕು ಸ್ಪಂಜ್ ಬಂಗಾರ, ಅದನ್ನ ನಲ್ಲಿ ನೀರಲ್ಲಿ ಯಾವತ್ತೂ ತೊಳೀಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಎಲ್ಲಾ ಸತ್ತೋಗತ್ತೆ, ಟ್ಯಾಂಕಿಂದ ತೆಗೆದ ನೀರನ್ನೇ ಬಕೆಟ್‌ಗೆ ಹಿಡಿದು ಅದರಲ್ಲಿ ಹಿಂಡಿದ್ರೆ ಸಾಕು. ಲಿಕ್ವಿಡ್ ಟೆಸ್ಟ್ ಕಿಟ್ ಒಂದು ತಗೊಳ್ಳಿ. ಅಮೋನಿಯಾ 0, ನೈಟ್ರೈಟ್ 0 ತೋರಿಸಿದ ಮೇಲೇ ನಾನು ಮರಿ ತಂದಿದ್ದು.

ಬೆಂಗಳೂರಿನವರಿಗೆ ನೀರಿಂದು ಇನ್ನೊಂದು ತಲೆನೋವು. ನಮ್ಮನೇಲಿ ಕಾವೇರಿ ಬರತ್ತೆ, ಬೋರ್‌ವೆಲ್ಲೂ ಇದೆ, ಎರಡೂ ಸಂಪಲ್ಲಿ ಮಿಕ್ಸ್. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರ್ತಾರೆ, ಅದಕ್ಕೆ ಆಂಟಿ ಕ್ಲೋರಿನ್ ಹನಿ ಹಾಕಲೇಬೇಕು. ಬೋರ್ ನೀರು ಗಡಸು, ಪಿಎಚ್ (ನೀರಿನ ಆಮ್ಲ, ಕ್ಷಾರದ ಅಳತೆ) 8ರ ಹತ್ರ ಬರತ್ತೆ. ಆಸ್ಕರ್ ಗಡಸು ನೀರಿಗೂ ಒಗ್ಗಿಕೊಳತ್ತೆ, ತೊಂದ್ರೆ ಏನಪ್ಪಾ ಅಂದ್ರೆ ಪಿಎಚ್ ಜಾಸ್ತಿ ಇದ್ದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷ ಆಗತ್ತೆ. ಅಂದ್ರೆ ಬೋರ್ ನೀರಿನವರು ನೀರು ಬದಲಾಯಿಸೋದ್ರಲ್ಲಿ ಇನ್ನೂ ಚುರುಕಾಗಿರಬೇಕು. ನಾನು ವಾರಕ್ಕೊಂದ್ಸಲ ಮೂರನೇ ಒಂದು ಭಾಗ ತೆಗೀತೀನಿ, ಪೈಪಲ್ಲಿ ತಳದ ಗಲೀಜು ಎಳ್ಕೊಂಡು, ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ದಾಟೋಕೆ ಬಿಡಲ್ಲ. ತೆಗೆದ ನೀರು ಗಿಡಕ್ಕೆ, ಅಮ್ಮನ ಕರಿಬೇವು ಅದರಲ್ಲೇ ಬೆಳೀತಿರೋದು. ಬರೀ ಆರ್‌ಓ ನೀರು ಹಾಕೋರೂ ಇದಾರೆ, ಅದರಲ್ಲಿ ಖನಿಜಾಂಶನೇ ಇರಲ್ಲ, ಪಿಎಚ್ ಯಾವಾಗ ಬೇಕಾದ್ರೂ ಕುಸಿಯತ್ತೆ, ನಾನಂತೂ ಹಾಕಲ್ಲ.

ಈಗ ಊಟದ ವಿಷ್ಯ. ಮರಿಗೆ ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಒಂದೆರಡು ನಿಮಿಷದಲ್ಲಿ ಮುಗಿಸೋವಷ್ಟು. ಮುಖ್ಯ ಆಹಾರ ಸಿಕ್ಲಿಡ್ (ಆಸ್ಕರ್ ಸೇರಿರೋ ಮೀನಿನ ಕುಟುಂಬ) ಪೆಲೆಟ್, ಸಣ್ಣ ಕಾಳಿಂದು. ದೊಡ್ಡ ಡಬ್ಬ ಅಗ್ಗ ಆಗತ್ತೆ ಅಂತ ತಗೋಬೇಡಿ, ತೆರೆದು ಇಟ್ರೆ ವಿಟಮಿನ್ ಹೋಗತ್ತೆ, ಆಸ್ಕರ್‌ಗೆ ವಿಟಮಿನ್ ಸಿ ತುಂಬಾ ಮುಖ್ಯ. ಮಧ್ಯೆ ಮಧ್ಯೆ ಸಿಪ್ಪೆ ಬಿಡಿಸಿ ಸಣ್ಣಗೆ ಕತ್ತರಿಸಿದ ಸೀಗಡಿ, ಮಳೆಗಾಲದಲ್ಲಿ ಕೈತೋಟದ ಎರೆಹುಳ (ಔಷಧಿ ಹೊಡೀದೇ ಇರೋ ಮಣ್ಣಿಂದು), ಬೇಯಿಸಿ ಸಿಪ್ಪೆ ತೆಗೆದ ಬಟಾಣಿ. ತಿನ್ನೋದು ನೋಡೋಕೇ ಒಂದು ಖುಷಿ. ಪೆಲೆಟ್ ಬಾಯಿಗೆ ಎಳ್ಕೊಳತ್ತೆ, ಕಚ್ಚಿ ಪುಡಿ ಮಾಡತ್ತೆ, ಕಿವಿರಿಂದ ಪುಡಿ ಹೊಗೆ ಥರ ಆಚೆ ಬರತ್ತೆ, ಅರ್ಧ ಉಗುಳಿ ತಿರುಗಾ ಬಾಯಿಗೆ ಹಾಕ್ಕೊಳತ್ತೆ. ಆ ಪುಡಿನೇ ತಳದಲ್ಲಿ ಕೂತು ಕೊಳೆಯೋದು, ಅದಕ್ಕೇ ಆಸ್ಕರ್ ಟ್ಯಾಂಕಿಗೆ ಫಿಲ್ಟರ್ ಯಾವಾಗ್ಲೂ ಒಂದು ಸೈಜ್ ದೊಡ್ಡದೇ ಇರಬೇಕು. ನಾನು ಕ್ಯಾನಿಸ್ಟರ್ (ಟ್ಯಾಂಕ್ ಆಚೆ ಇಡೋ ಡಬ್ಬದಂಥ ಫಿಲ್ಟರ್) ಒಂದು, ಜೊತೆಗೆ ಸ್ಪಂಜ್ ಫಿಲ್ಟರ್ ಒಂದು ಇಟ್ಟಿದೀನಿ.

ಜೀವಂತ ಗೋಲ್ಡ್‌ಫಿಶ್ ಮರಿ ಹಾಕಿ ಬೇಟೆ ನೋಡೋದು ತುಂಬಾ ಜನಕ್ಕೆ ಮಜಾ. ನಾನು ಅದನ್ನ ಬೇಡವೇ ಬೇಡ ಅಂತೀನಿ. ಅಂಗಡಿಯ ಆ ಅಗ್ಗದ ಮೀನಿನ ಜೊತೆ ರೋಗ, ಪರೋಪಜೀವಿ ಎಲ್ಲಾ ಬರತ್ತೆ, ಅದೂ ಅಲ್ದೆ ಗೋಲ್ಡ್‌ಫಿಶ್ ಮಾಂಸದಲ್ಲಿ ಥಯಾಮಿನೇಸ್ ಅನ್ನೋ ಎಂಜೈಮ್ ಇರತ್ತೆ, ಅದು ವಿಟಮಿನ್ ಬಿ1 ನಾಶ ಮಾಡತ್ತೆ. ದನದ ಮಾಂಸ, ಕೋಳಿ ಮಾಂಸ ಕೂಡ ರೂಢಿ ಮಾಡಿಸ್ಬೇಡಿ, ಆ ಕೊಬ್ಬು ಮೀನಿಗೆ ಸರಿಯಾಗಿ ಜೀರ್ಣ ಆಗಲ್ಲ. ಒಂದೇ ಥರ ಊಟ ಹಾಕ್ತಾ, ನೀರೂ ಹಳಸೋಕೆ ಬಿಟ್ರೆ ತಲೆ ಮೇಲೆ ಸಣ್ಣ ಸಣ್ಣ ಗುಳಿ ಬೀಳೋ ಕಾಯಿಲೆ ಆಸ್ಕರ್‌ನಲ್ಲಿ ಬಹಳ ಸಾಮಾನ್ಯ.

ಮೊದಲನೇ ಸಲ ನೀರು ಬದಲಾಯಿಸಿದಾಗ ಮರಿ ತಳದಲ್ಲಿ ಒಂದು ಮಗ್ಗುಲಾಗಿ ಮಲಗಿಬಿಡ್ತು. ಮಗಳು "ಅಪ್ಪಾ, ಸತ್ತೋಯ್ತು" ಅಂತ ಅಳೋಕೇ ಶುರು ಮಾಡಿದ್ಲು. ಹತ್ರ ಹೋಗಿ ನೋಡಿದ್ರೆ ಕಿವಿರು ನಿಧಾನಕ್ಕೆ ಆಡ್ತಾ ಇದೆ, ಕಣ್ಣು ನಮ್ಮ ಕೈ ಹೋದ ಕಡೆ ತಿರುಗ್ತಾ ಇದೆ. ಆಸ್ಕರ್ ಮುನಿಸ್ಕೊಳ್ಳೋದು ಹಿಂಗೇ. ಟ್ಯಾಂಕ್ ಬದಲಾದ್ರೆ, ಕಲ್ಲು ಜಾಗ ಬದಲಾದ್ರೆ, ನೀರು ಬದಲಾದ್ರೆ ಹಿಂಗೆ ಮಲಗತ್ತೆ, ಊಟ ಬಿಡತ್ತೆ. ಲೈಟ್ ಆಫ್ ಮಾಡಿ ಸುಮ್ಮನೆ ಬಿಟ್ವಿ, ಸಂಜೆಗೆ ಎದ್ದು ಓಡಾಡ್ತಿತ್ತು. ಆದ್ರೆ ಮಲಗಿರೋದ್ರ ಜೊತೆ ಕಿವಿರು ಜೋರಾಗಿ ಬಡ್ಕೊಳ್ತಿದ್ರೆ, ಮೇಲೆ ಬಂದು ಗಾಳಿ ಗುಟುಕರಿಸ್ತಿದ್ರೆ ಅದು ಮುನಿಸಲ್ಲ, ತಕ್ಷಣ ಅಮೋನಿಯಾ ಟೆಸ್ಟ್ ಮಾಡಿ.

ಚಳಿಗಾಲಕ್ಕೆ ಹೀಟರ್ ಬೇಕೇಬೇಕು, ನೀರು 25ರಿಂದ 28 ಡಿಗ್ರಿ ಇರ್ಬೇಕು. ಡಿಸೆಂಬರ್ ರಾತ್ರೀಲಿ ಟ್ಯಾಂಕ್ ನೀರು ಇಳಿದಾಗ್ಲೇ ನಮ್ಮ ಮರಿ ಮೈ ಮೇಲೆ ರವೆ ಉದುರಿಸಿದ ಹಂಗೆ ಬಿಳಿ ಚುಕ್ಕೆ ಬಂದಿದ್ದು. ಹೀಟರ್ ನಿಧಾನಕ್ಕೆ ಏರಿಸಿ 30 ಡಿಗ್ರಿಗೆ ತಂದೆ, ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಬಕೆಟ್ಟಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಹಾಕ್ದೆ, ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ ಆಗತ್ತಲ್ಲ, ಅದಕ್ಕೆ ಏರ್ ಪಂಪ್ ಇನ್ನೊಂದು ಹಾಕ್ದೆ. ಚುಕ್ಕೆ ಹೋಯ್ತು ಅಂತ ತಕ್ಷಣ ನಿಲ್ಲಿಸಬಾರದು, ಆ ಪರೋಪಜೀವಿ ಮೈಯಿಂದ ಉದುರಿ ತಳದಲ್ಲಿ ಮರಿ ಮಾಡತ್ತೆ, ಅದಾದ್ಮೇಲೂ ಇನ್ನೊಂದು ವಾರ ಮುಂದುವರಿಸಬೇಕು. ಗಾಜಿನ ಹೀಟರ್ ಆದ್ರೆ ಸುತ್ತ ಪ್ಲಾಸ್ಟಿಕ್ ಗಾರ್ಡ್ ಹಾಕಿ, ಬೆಳೀತಾ ಬೆಳೀತಾ ಇದು ಎಲ್ಲಾ ವಸ್ತೂನೂ ಮೂತೀಲಿ ತಳ್ಳತ್ತೆ. ಅದಕ್ಕೇ ನಮ್ಮಲ್ಲಿ ತಳಕ್ಕೆ ತೆಳ್ಳಗೆ ಮರಳು, ಎರಡು ದೊಡ್ಡ ನುಣುಪು ಕಲ್ಲು, ಅಷ್ಟೆ. ಮೇಲೆ ಮುಚ್ಚಳನೂ ಇರಲಿ, ಎಗರೋ ಮೀನು ಇದು. ಕರೆಂಟ್ ಹೋದ್ರೆ ಫಿಲ್ಟರ್ ನಿಲ್ಲತ್ತೆ, ಅದಕ್ಕೆ ಬ್ಯಾಟರಿ ಏರ್ ಪಂಪ್ ಒಂದು ಚಾರ್ಜ್ ಮಾಡಿ ಪಕ್ಕದಲ್ಲೇ ಇಟ್ಟಿರ್ತೀನಿ.

ಕೊನೇದಾಗಿ, ಇದು ಬೇಡೋದ್ರಲ್ಲಿ ಪಂಟ. ಯಾರು ಹಾಲ್‌ಗೆ ಬಂದ್ರೂ ಗಾಜಿನ ಮುಂದೆ ಬಂದು ಬಾಲ ಆಡಿಸತ್ತೆ, ಹೊಟ್ಟೆ ತುಂಬಿದ್ರೂ ಅಷ್ಟೆ, ನೋಡಿದವರಿಗೆ ಕರುಳು ಚುರುಕ್ ಅನ್ನತ್ತೆ. ನಾನು ಊರಿಗೆ ಹೋಗೋವಾಗ ಅಮ್ಮ "ಪಾಪ ಕಣೋ, ಹಸ್ಕೊಂಡಿದೆ" ಅಂತ ಹಿಡಿ ಹಿಡಿ ಹಾಕ್ತಾರೆ ಅಂತ ಗೊತ್ತು. ಅದಕ್ಕೆ ದಿನದ ಲೆಕ್ಕದಲ್ಲಿ ಪೆಲೆಟ್‌ನ ಪೇಪರ್ ಪೊಟ್ಟಣ ಕಟ್ಟಿ ಮೇಲೆ ವಾರದ ಹೆಸರು ಬರೆದು ಟ್ಯಾಂಕ್ ಪಕ್ಕ ಇಟ್ಟು, ಡಬ್ಬ ಬೀರೂಲಿಟ್ಟು ಹೋಗ್ತೀನಿ.