ಏಜೆನ್ಸಿ ಇಲ್ಲದೆ ಆಕ್ಸ್‌ಫರ್ಡ್ ಲಾ ಇಂಟರ್ವ್ಯೂ: ಕಂಡಕ್ಟರ್ ಮಾವನ ಜೊತೆ ನನ್ನ ತಯಾರಿ

ಜನವರಿಯಲ್ಲಿ ಆಕ್ಸ್‌ಫರ್ಡ್‌ನಿಂದ ಕಾನೂನು ಪದವಿಗೆ ಆಫರ್ ಬಂತು. ಹನ್ನೆರಡನೇ ಕ್ಲಾಸಿನ ಮಾರ್ಕ್ಸ್ ಷರತ್ತು ಇದೆ, ಇನ್ನೂ ಹನ್ನೆರಡನೇ ಕ್ಲಾಸ್ ಮುಗಿಸದವರಿಗೆ ಅದು ಸಾಮಾನ್ಯ. “ಸುಮ್ನೆ ಕ್ಲಾಟ್ (ಇಲ್ಲಿನ ಲಾ ಕಾಲೇಜುಗಳ ಪ್ರವೇಶ ಪರೀಕ್ಷೆ) ಬರಿ, ಅದಕ್ಕೆ ಇಂಟರ್ವ್ಯೂನೇ ಇಲ್ಲ” ಎಂದವರೇ ಈಗ ಹೇಗೆ ತಯಾರಾದೆ ಎಂದು ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅರ್ಜಿ, ಎಲ್‌ನ್ಯಾಟ್ (ಬ್ರಿಟನ್ನಿನ ಲಾ ಪ್ರವೇಶ ಪರೀಕ್ಷೆ) ವಿಷಯ ಇಲ್ಲಿ ಬರೆಯುವುದಿಲ್ಲ, ಇಂಟರ್ವ್ಯೂ ತಯಾರಿ ಮಾತ್ರ.

ದುಡ್ಡಿನ ಮಾತು ಮೊದಲು. ಒಂದು ಏಜೆನ್ಸಿ ಮಾಕ್ (ಅಣಕು) ಇಂಟರ್ವ್ಯೂ ಪ್ಯಾಕೇಜಿಗೆ ಲಕ್ಷದ ಹತ್ತಿರ ಕೇಳಿತು. ಎರಡು ಸಾವಿರ ಕೊಟ್ಟು ಡೆಮೊಗೆ ಕೂತೆ. “ಲಾ ಯಾಕೆ ಓದಬೇಕು” ಅನ್ನೋದಕ್ಕೆ ಉತ್ತರ ಬಾಯಿಪಾಠ ಮಾಡಿಸಿದರು. ಇಂಟರ್ವ್ಯೂನಲ್ಲಿ ಆ ಪ್ರಶ್ನೆ ಬರಲೇ ಇಲ್ಲ. ಪರೀಕ್ಷೆ, ಅರ್ಜಿ ಶುಲ್ಕ ಬಿಟ್ಟರೆ ನನ್ನ ಒಟ್ಟು ಖರ್ಚು ಐದು ಸಾವಿರ ದಾಟಿಲ್ಲ. ಅದರಲ್ಲಿ ಎಂಟುನೂರು ರೂಪಾಯಿಯ ರಿಂಗ್ ಲೈಟ್ ದಂಡ, ಕನ್ನಡಕದಲ್ಲಿ ಬಳೆ ಥರ ಹೊಳೆಯುತ್ತಿತ್ತು.

ಆಮೇಲೆ ಹೆಸರಾದ ಕೇಸುಗಳನ್ನು ಓದಿದೆ. 1932ರ ಬಸವನಹುಳು ಬಾಟಲಿಯ ಕೇಸು (ಒಳಗೇನಿದೆ ಕಾಣದ ಬಾಟಲಿಯ ಪಾನೀಯದಲ್ಲಿ ಬಸವನಹುಳು ಇತ್ತೆಂದು ಮಹಿಳೆಯೊಬ್ಬರು ತಯಾರಕರ ಮೇಲೆ ಹೂಡಿದ ಬ್ರಿಟನ್ನಿನ ಕೇಸು) ನೀರು ಕುಡಿದಷ್ಟು ಸುಲಭವಾಗಿ ಹೇಳುತ್ತಿದ್ದೆ. ಪರಿಚಯದ ವಕೀಲರೊಬ್ಬರು, “ಬಾಟಲಿ ಪಾರದರ್ಶಕವಾಗಿದ್ದು, ಒಳಗಿದ್ದದ್ದು ಅಂಗಡಿಯವನಿಗೆ ಕಾಣುತ್ತಿದ್ದರೆ?” ಎಂದರು. ಓದಿದ್ದು ಅಲ್ಲಿಗೇ ನಿಂತಿತು. ಅಪ್ಲೈ ಮಾಡಿದ ಬೇರೆ ಹುಡುಗರ ಜೊತೆ ಆನ್‌ಲೈನ್ ಮಾಕ್ ಮಾಡಿ ನೋಡಿದೆ. ಎಲ್ಲರೂ ಎಲ್ಲರಿಗೂ “ಸೂಪರ್” ಅನ್ನುತ್ತಿದ್ದರು, ಅಷ್ಟೇ.

ಕೆಲಸಕ್ಕೆ ಬಂದದ್ದು ನಮ್ಮ ಮಾವ. ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿ ರಿಟೈರ್ ಆದವರು. 2024ರ ಮಾರ್ಚ್‌ನ ಸುದ್ದಿ ನೆನಪಿದೆ ಅಲ್ವಾ? ಬೆಂಗಳೂರು–ಮೈಸೂರು ಬಸ್ಸಿನಲ್ಲಿ ಅಜ್ಜಿ, ಮೊಮ್ಮಗಳಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್, ಪಂಜರದ ನಾಲ್ಕು ಲವ್ ಬರ್ಡ್ಸ್‌ಗೆ 444 ರೂಪಾಯಿ. ಅದನ್ನೇ ಹಿಡಿದು ಕೂತೆವು.

“ನಿಯಮ ಇದೆ, ಟಿಕೆಟ್ ಕೊಟ್ಟದ್ದು ಸರಿ” ಎಂದರು ಮಾವ. ಜಾಗಕ್ಕೆ ದುಡ್ಡು ಅಂದರೆ ಪಂಜರ ತೊಡೆ ಮೇಲಿದೆ, ಹಕ್ಕಿ ಲೆಕ್ಕ ಯಾಕೆ ಎಂದೆ. “ಹಾಗಾದ್ರೆ ಪಂಜರಕ್ಕೊಂದೇ ಟಿಕೆಟ್ಟಾ? ನಲವತ್ತು ಹಕ್ಕಿ ತುಂಬ್ಕೊಂಡು ಬಂದ್ರೆ?” ನಾನು ಸ್ವಲ್ಪ ಹಿಂದೆ ಸರಿದು, ಸಹಪ್ರಯಾಣಿಕರಿಗೆ ಆಗುವ ತೊಂದರೆಯೇ ಅಳತೆ ಎಂದೆ. “ದಾರೀಲಿ ಮೊಟ್ಟೆ ಒಡೆದು ಮರಿ ಆದ್ರೆ? ಹೆಣ್ಣು ಹಕ್ಕಿಗೆ ಶಕ್ತಿ ಯೋಜನೆ ಯಾಕಿಲ್ಲಮ್ಮ?” ಇಪ್ಪತ್ತೈದು ನಿಮಿಷ ಬಿಡಲಿಲ್ಲ. ‘ಪಾರ್ಕಿಗೆ ವಾಹನ ತರುವಂತಿಲ್ಲ’ ಅನ್ನೋ ನಿಯಮ ಹಿಡಿದು ಕಾನೂನು ಚಿಂತಕರಾದ ಹಾರ್ಟ್ ಮತ್ತು ಫುಲ್ಲರ್ 1958ರಲ್ಲಿ ವಾದ ಮಾಡಿದ್ದೂ ಇದನ್ನೇ: ಮಾತಿನ ಅರ್ಥ ನೋಡಬೇಕೋ, ನಿಯಮದ ಉದ್ದೇಶ ನೋಡಬೇಕೋ.

ನಮ್ಮ ಪದ್ಧತಿ ಇಷ್ಟು. ಮೊದಲ ಸುತ್ತು ಕನ್ನಡದಲ್ಲಿ, ಅದೇ ವಾದ ಮಾರನೇ ದಿನ ಇಂಗ್ಲಿಷಿನಲ್ಲಿ. ಯೋಚನೆಯನ್ನು ಜೋರಾಗಿ ಹೇಳುತ್ತಲೇ ಮಾಡಬೇಕು. ಸಂಗತಿ ಬದಲಾದರೆ ನನ್ನ ಉತ್ತರದಲ್ಲಿ ಯಾವುದು ಬಿದ್ದುಹೋಯಿತು, ಯಾವುದು ಉಳಿಯಿತು ಎಂದು ಬಾಯಿಬಿಟ್ಟು ಹೇಳಲೇಬೇಕು. ಮಾವ ಮಾಡಿಸಿದ ಇನ್ನೊಂದು ಅಭ್ಯಾಸ ಇದೆ. ಮುಂದಿನ ವರ್ಷ ತಂಗಿಯೂ ಅಪ್ಲೈ ಮಾಡುತ್ತಾಳೆ, ಅಲ್ಲಿಯವರೆಗೆ ಅದು ಮನೆಯಲ್ಲೇ ಇರಲಿ.

ನಡುವೆ ಕರ್ನಾಟಕ ಹೈಕೋರ್ಟಿನ ಯೂಟ್ಯೂಬ್ ಪ್ರಸಾರ ನೋಡುವ ಚಟ ಹತ್ತಿತು. ಬ್ರಿಟನ್ನಿನ ಸುಪ್ರೀಂ ಕೋರ್ಟಿನದೂ ಪುಕ್ಕಟೆ ಸಿಗುತ್ತದೆ. ನ್ಯಾಯಮೂರ್ತಿ ಪ್ರಶ್ನೆ ಕೇಳಿದ ಕೂಡಲೇ ವಿಡಿಯೊ ನಿಲ್ಲಿಸಿ ನನ್ನ ಉತ್ತರ ಹೇಳಿ, ಆಮೇಲೆ ವಕೀಲರದ್ದು ಕೇಳುತ್ತಿದ್ದೆ. ಒಳ್ಳೆ ವಕೀಲರು ಒಪ್ಪಬೇಕಾದ್ದನ್ನು ಬೇಗ ಒಪ್ಪಿಬಿಡುತ್ತಾರೆ. ಪುಸ್ತಕಕ್ಕಿಂತ ಜಾಸ್ತಿ ಕಲಿತದ್ದು ಇಲ್ಲೇ.

ಇಂಟರ್ವ್ಯೂ ನಡೆದದ್ದು ಆನ್‌ಲೈನ್‌ನಲ್ಲಿ. ಡಿಸೆಂಬರಿನಲ್ಲಿ ಆಕ್ಸ್‌ಫರ್ಡ್‌ನವರಿಗಿಂತ ನಾವು ಐದೂವರೆ ಗಂಟೆ ಮುಂದೆ. ಅವರ ಮಧ್ಯಾಹ್ನ ನಮಗೆ ರಾತ್ರಿ, ಕರೆಂಟು ಹೋಗುವ ಹೊತ್ತು. ರೂಟರ್‌ಗೆ ಸುಮಾರು ಒಂದೂವರೆ ಸಾವಿರದ ಪುಟ್ಟ ಯುಪಿಎಸ್ ಹಾಕಿದೆ, ಫೋನಿನ ಹಾಟ್‌ಸ್ಪಾಟ್ ಸಿದ್ಧ ಇಟ್ಟೆ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಲಿ ಎಂದು ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದ ಮೇಲಿಟ್ಟೆ. ಎರಡನೇ ಇಂಟರ್ವ್ಯೂ ನಡುವೆ ಕರೆಂಟು ಹೋಯಿತು. ಪರದೆ ಬೆಳಕಿನಲ್ಲೇ ಮಾತಾಡಿದೆ, ಸಂಪರ್ಕ ಕಡಿಯಲಿಲ್ಲ.

ಅವರು ಕೇಳಿದ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ. ಸಂಗತಿಯನ್ನು ಮತ್ತೆ ಮತ್ತೆ ಬದಲಿಸಿದರು. ಒಂದು ಹಂತದಲ್ಲಿ, “ನನ್ನ ಮೊದಲ ಕಾರಣ ಇನ್ನು ನಿಲ್ಲುವುದಿಲ್ಲ, ಎರಡನೆಯದು ನಿಲ್ಲುತ್ತದೆ” ಎಂದೆ. ಅಲ್ಲಿಂದ ಮುಂದೆ ಅವರು ಆ ಎರಡನೇ ಕಾರಣದ ಮೇಲೇ ಸಮಯ ಮುಗಿಯುವವರೆಗೆ ವಾದ ಮಾಡಿದರು.