ಹಾಡು ನಿಧಾನ ಆಗಿದೆಯೋ, ನಾನೋ?

ನಾವು ಐದು ಜನ. ಎಲ್ಲರೂ ಐವತ್ತು ದಾಟಿದವರು. ಪ್ರತಿ ಭಾನುವಾರ ಸಂಜೆ ಗ್ರೂಪ್ ಕಾಲ್‌ನಲ್ಲಿ ಸೇರಿ ಹಳೇ ಹಾಡು, ಹಳೇ ಸಿನಿಮಾ ಅಂತ ಹರಟುತ್ತೇವೆ. ಕೆಲಸಕ್ಕೆ ಬರುವ ಮಾತು ಒಂದೂ ಇರುವುದಿಲ್ಲ. ನಿಯಮ ಒಂದೇ: ಈ ಹಾಡು ಯಾರು ಹಾಡಿದ್ದು, ಆ ಸಿನಿಮಾ ಯಾವ ವರ್ಷ ಬಂತು ಅಂತ ಜಗಳ ಹತ್ತಿದರೆ ತಕ್ಷಣ ಫೋನಲ್ಲಿ ಹುಡುಕುವ ಹಾಗಿಲ್ಲ. ಮೊದಲು ಜಗಳ ಆಗಬೇಕು, ಹುಡುಕಾಟ ಆಮೇಲೆ. ಈ ನಿಯಮ ಇಲ್ಲದಿದ್ದರೆ ನಮ್ಮ ಹರಟೆ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತಿತ್ತು.

ಒಂದು ಭಾನುವಾರ ಗೆಳೆಯನೊಬ್ಬ ನಾವೆಲ್ಲ ಕಾಲೇಜಿನಲ್ಲಿದ್ದಾಗ ತಲೆಕೆಡಿಸಿಕೊಂಡಿದ್ದ ಹಾಡೊಂದನ್ನು ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಹಾಕಿದ. ನನಗೆ ಕಸಿವಿಸಿ ಆಯಿತು. ಎಲ್ಲ ಅದೇ. ಅದೇ ಗಿಟಾರ್, ಅದೇ ಗಂಟಲು. ಆದರೆ ಹಾಡು ಎಳೆದಾಡುತ್ತಿತ್ತು. ಪಲ್ಲವಿಗೆ ನಾನು ದನಿ ಸೇರಿಸಲು ಹೋದರೆ ನನ್ನ ಶ್ರುತಿ ಒಂದು ಕಡೆ, ಅದರ ಶ್ರುತಿ ಒಂದು ಕಡೆ.

“ಇದು ಇಷ್ಟು ನಿಧಾನ ಇರಲಿಲ್ಲ ಕಣೋ,” ಅಂದೆ.

“ಹಾಡು ನಿಧಾನ ಆಗಿಲ್ಲ ಮಾರಾಯ, ನೀನು ಆಗಿದ್ದೀಯ,” ಅಂದ ಅವನು. ನಾಲ್ಕೂ ಜನ ಬಿದ್ದು ಬಿದ್ದು ನಕ್ಕರು.

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಆ ಹಾಡಿನ ಕ್ಯಾಸೆಟ್ ನನ್ನ ಹತ್ತಿರ ಇತ್ತು. ಅದನ್ನು ಕೇಳುತ್ತಿದ್ದ ಟೇಪ್ ರೆಕಾರ್ಡರ್ ಕೂಡ ಮಂಚದ ಕೆಳಗೆ ಇತ್ತು. ಮರುದಿನ ಬೆಳಿಗ್ಗೆ ಎರಡನ್ನೂ ಎಳೆದು ಹೊರಗೆ ಹಾಕಿದೆ. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಪ್ಲೇ ಒತ್ತಿದರೆ ಮೋಟಾರ್ ಗುಂಯ್ ಅನ್ನುತ್ತದೆ, ಕ್ಯಾಸೆಟ್ ಅಲುಗುವುದಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದೆ. ಬೆಲ್ಟ್ ಇರಬೇಕಾದ ಜಾಗದಲ್ಲಿ ಕರೀ ಅಂಟು. ವರ್ಷಗಟ್ಟಲೆ ಸುಮ್ನೆ ಕೂತರೆ ಕೆಲವು ರಬ್ಬರ್ ಬೆಲ್ಟ್‌ಗಳು ಹೀಗೆ ಕರಗಿ ಡಾಂಬರಿನಂತೆ ಆಗುತ್ತವೆ. ಬೆರಳಿಗೆ ಹತ್ತಿದರೆ ಸೋಪಿಗೆ ಹೋಗುವುದಿಲ್ಲ, ಬಟ್ಟೆಗೆ ಹತ್ತಿದರೆ ಆ ಬಟ್ಟೆ ಮುಗಿಯಿತು ಅಂತಲೇ ಲೆಕ್ಕ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಚಕ್ರಗಳ ಸುತ್ತಲಿನ ತಗ್ಗಿನಲ್ಲಿ ಕೂತಿದ್ದ ಅಂಟನ್ನೆಲ್ಲ ಕೆರೆದು ತೆಗೆದೆ. ಇಲ್ಲಿ ಅವಸರ ಮಾಡಬಾರದು. ಒಂದು ಚೂರು ಅಂಟು ಉಳಿದರೂ ಚಕ್ರ ಒಂದು ಸುತ್ತಿಗೆ ಒಂದು ಸಲ ಎಗರುತ್ತದೆ, ಹಾಡು ತೂರಾಡುತ್ತದೆ.

ಹೊಸ ಬೆಲ್ಟ್‌ನ ಅಳತೆ ಯಾರಿಗೆ ಗೊತ್ತು? ಚಕ್ರಗಳ ಸುತ್ತ ಬೆಲ್ಟ್ ಓಡುವ ದಾರಿಯಲ್ಲೇ ನೂಲು ಸುತ್ತಿ ಉದ್ದ ಅಳೆದೆ. ಅದಕ್ಕಿಂತ ಶೇ. 5ರಷ್ಟು ಚಿಕ್ಕದನ್ನು ತರಿಸಿದೆ. ಹಾಕಿದಾಗ ಬಿಗಿ ನಿಲ್ಲಬೇಕು, ಹಾಗಂತ ಮೋಟಾರ್ ಏದುಸಿರು ಬಿಡಬಾರದು. ಬೆಲ್ಟ್ ಬಂದ ಮೇಲೆ ಟೇಪಿನ ಸದ್ದು ಓದುವ ಹೆಡ್, ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿ, ಅದಕ್ಕೆ ಒತ್ತಿಕೊಂಡು ತಿರುಗುವ ರಬ್ಬರ್ ರೋಲರ್ ಎಲ್ಲ ಒರೆಸಿದೆ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವ ತನಕ ಒರೆಸಬೇಕು.

ಇನ್ನು ಕ್ಯಾಸೆಟ್. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯಲು ಒಳಗೆ ತಾಮ್ರದ ಬಣ್ಣದ ಪುಟ್ಟ ಪಟ್ಟಿ, ಅದರ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಮೆತ್ತೆ ಇರುತ್ತದೆ. ನನ್ನ ಕ್ಯಾಸೆಟ್‌ನಲ್ಲಿ ಆ ಮೆತ್ತೆ ಉದುರಿ ಒಳಗೆಲ್ಲೋ ಗಲಗಲ ಅನ್ನುತ್ತಿತ್ತು. ಸ್ಕ್ರೂ ಇರುವ ಡಬ್ಬಿಯಾದರೆ ಐದು ಸ್ಕ್ರೂ ಬಿಚ್ಚಿದರಾಯಿತು. ಇದು ಅಂಟಿಸಿದ ಡಬ್ಬಿ. ಅಂಚಿನ ಗೆರೆಯಲ್ಲಿ ತೆಳು ಬ್ಲೇಡ್ ಇಟ್ಟು, ಸುತ್ತಲೂ ಸ್ವಲ್ಪ ಸ್ವಲ್ಪವೇ ತಿರುಚಿ ಬಿಡಿಸಿದೆ. ಮಲಗಿಸಿಯೇ ತೆರೆಯಬೇಕು. ಎತ್ತಿ ಹಿಡಿದರೆ ಸುರುಳಿ ಜಾರಿ ನೆಲಕ್ಕೆ ಬೀಳುತ್ತದೆ. 90 ನಿಮಿಷದ ಕ್ಯಾಸೆಟ್ ಅಂದರೆ ಹತ್ತಿರ ಹತ್ತಿರ 130 ಮೀಟರ್ ಟೇಪು, 4 ಮಿಲಿಮೀಟರ್ ಅಗಲವೂ ಇಲ್ಲದ್ದು. ಬಿದ್ದರೆ ಬಿಡಿಸಿ ಸುತ್ತುವಷ್ಟರಲ್ಲಿ ಹಾಡಿನ ಮೇಲಿನ ಪ್ರೀತಿಯೇ ಹೋಗುತ್ತದೆ. ಎರಡೂ ಸುರುಳಿಗಳನ್ನು ಸ್ಕ್ರೂ ಇರುವ ಬೇರೆ ಖಾಲಿ ಡಬ್ಬಿಗೆ ಸಾಗಿಸಿದೆ. ಆಮೇಲೆ ಒಮ್ಮೆ ಕೊನೆವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಓಡಿಸಿದೆ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಕೂತ ಟೇಪು ಇದರಿಂದ ಸಡಿಲ ಆಗುತ್ತದೆ.

ಹಾಡು ಬಂತು. ಆದರೆ ಕಂಬಳಿ ಹೊದ್ದು ಹಾಡಿದ ಹಾಗೆ. ಇದು ಹೆಡ್‌ನ ಓರೆ ಅಂತ ಗೊತ್ತಿತ್ತು. ಹೆಡ್‌ನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಹೆಡ್‌ನ ಕೋನ ಬದಲಾಗುತ್ತದೆ, ಟೇಪಿಗೆ ನೇರ ಆದ ಜಾಗದಲ್ಲಿ ‘ಸ’, ‘ಶ’ ಸದ್ದುಗಳು, ತಾಳದ ಝಣ್ ಎಲ್ಲ ಚಕ್ಕನೆ ತೆರೆದುಕೊಳ್ಳುತ್ತವೆ. ಎಡ-ಬಲ ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳುತ್ತಾ ತಿರುಗಿಸಿದರೆ ಆ ಜಾಗ ಬೇಗ ಸಿಗುತ್ತದೆ. ನಾನು ತಿರುಗಿಸಿದೆ, ತಿರುಗಿಸಿದೆ. ಒಂದು ಹಂತದ ನಂತರ ನನಗೆ ವ್ಯತ್ಯಾಸವೇ ತಿಳಿಯಲಿಲ್ಲ. ವಯಸ್ಸಾಗುತ್ತಾ ಕಿವಿ ಮೊದಲು ಬಿಟ್ಟುಕೊಡುವುದು ಮೇಲಿನ ಸದ್ದುಗಳನ್ನೇ ಅಲ್ವಾ. ಕೊನೆಗೆ ಮಗನನ್ನು ಕರೆದು ಹೆಡ್‌ಫೋನ್ ಹಾಕಿಸಿದೆ.

“ಇನ್ನೂ... ಇನ್ನೂ... ಆಯ್ತು. ಅಯ್ಯೋ, ದಾಟಿ ಹೋಯ್ತು ಅಪ್ಪಾ, ಹಿಂದಕ್ಕೆ.” ಅವನಿಗೆ ಹಾಡು ಏನೂ ಹಿಡಿಸಲಿಲ್ಲ. ಸ್ಕ್ರೂ ಹಿಡಿಸಿತು.

ಮುಂದಿನ ಕೆಲಸ ಕಂಪ್ಯೂಟರ್‌ಗೆ ಇಳಿಸುವುದು. ಮೊದಲ ಸಲ ಕೆಡಿಸಿದೆ. ಈ ಯಂತ್ರಕ್ಕೆ ಲೈನ್ ಔಟ್, ಅಂದರೆ ಬೇರೆ ಯಂತ್ರಕ್ಕೆ ಸದ್ದು ಕೊಡುವ ತೂತು, ಇಲ್ಲ, ಹೆಡ್‌ಫೋನ್ ತೂತಿನಿಂದಲೇ ತೆಗೆಯಬೇಕು. ಸದ್ದು ಚೆನ್ನಾಗಿ ಬರಲಿ ಅಂತ ವಾಲ್ಯೂಮ್ ಜಾಸ್ತಿ ಇಟ್ಟೆ. 45 ನಿಮಿಷ ಕಾದು ನೋಡಿದರೆ ಪರದೆ ಮೇಲಿನ ಅಲೆಗಳ ತಲೆಯೆಲ್ಲ ಕತ್ತರಿಸಿದ ಬೇಲಿಯಂತೆ ಚಪ್ಪಟೆ. ಹಾಗೆ ಒಡೆದ ಸದ್ದನ್ನು ಆಮೇಲೆ ತಗ್ಗಿಸಿ ಉಪಯೋಗ ಇಲ್ಲ, ಮತ್ತೆ ಮೊದಲಿನಿಂದಲೇ ಇಳಿಸಬೇಕು. ಎರಡನೇ ಸಲ ಅತಿ ಜೋರಿನ ಜಾಗವೂ ಸದ್ದು ಒಡೆಯುವ ಮಟ್ಟಕ್ಕಿಂತ 6 ಡೆಸಿಬೆಲ್ ಕೆಳಗೇ ಇರುವ ಹಾಗೆ ಇಟ್ಟು, 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ಇಳಿಸಿದೆ. ಒಂದು ಬದಿಗೆ ಸುಮಾರು 780 ಎಂಬಿ. ಮೂಲ ಫೈಲು ವೇವ್ ಆಗಿಯೇ ಇರಲಿ. ಎಂಪಿ3 ಬೇಕಾದರೆ ಅದರಿಂದ ಎಷ್ಟು ಸಲ ಬೇಕಾದರೂ ಮಾಡಬಹುದು. ಸುಯ್ ಅನ್ನುವ ಸದ್ದು ತೆಗೆಯಲು ಹೋಗಿ ಇನ್ನೊಂದು ಎಡವಟ್ಟು ಆಯಿತು: ಸಾಫ್ಟ್‌ವೇರ್ ಸುಯ್ ಜೊತೆ ಹಾಡುಗಾರನ ಉಸಿರನ್ನೂ ನುಂಗಿ, ನೀರಿನೊಳಗೆ ಕೂತು ಹಾಡಿದ ಹಾಗೆ ಮಾಡಿತು. ಅದನ್ನು ಅಳಿಸಿ ಸುಯ್ ಅನ್ನು ಹಾಗೇ ಬಿಟ್ಟೆ. ನನ್ನ ಕೇಳಿದರೆ ಸುಯ್ ಅನ್ನುವುದೇ ವಾಸಿ.

ಈಗ ಅಸಲು ವಿಷಯ. ಆ್ಯಪ್‌ನಲ್ಲಿ ಆ ಹಾಡು 3 ನಿಮಿಷ 52 ಸೆಕೆಂಡು. ನನ್ನ ಟೇಪಿನಲ್ಲಿ 3 ನಿಮಿಷ 42. ಹತ್ತು ಸೆಕೆಂಡು ಮಾಯ! ಎಲ್ಲೂ ಕತ್ತರಿಸಿಲ್ಲ, ಮೊದಲ ತಂತಿಯಿಂದ ಕೊನೆ ತಂತಿಯವರೆಗೆ ಅಳೆದದ್ದು. ಅಂದರೆ ನನ್ನದು ಶೇ. 4.5ರಷ್ಟು ವೇಗ. ಟೇಪು ಬೇಗ ಓಡಿದರೆ ಶ್ರುತಿಯೂ ಏರುತ್ತದೆ. ಶೇ. 6ರಷ್ಟು ಏರಿದರೆ ಹಾರ್ಮೋನಿಯಂನಲ್ಲಿ ಪಕ್ಕದ ಸ್ವರದ ಮನೆಗೇ ಹೋದಂತೆ. ನನ್ನದು ಮುಕ್ಕಾಲು ದಾರಿ ಹೋಗಿತ್ತು. ನನ್ನ ತಲೆ ಕೆಟ್ಟಿರಲಿಲ್ಲ. ನಾನು ಆ ಹಾಡನ್ನು ಕೇಳಿದ್ದೇ ಹಾಗೆ.

ಆದರೆ ತಪ್ಪು ಯಂತ್ರದ್ದೋ, ಟೇಪಿನದ್ದೋ? ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಾಗಿನಿಂದ ವೇಗ ಒಂದೇ, ಸೆಕೆಂಡಿಗೆ 4.76 ಸೆಂಟಿಮೀಟರ್. ಕಾಗದದ ಮೇಲೆ. ಮನೆಗಳಲ್ಲಿದ್ದ ಯಂತ್ರಗಳು ಶೇ. 2-3ರಷ್ಟು ಆಚೀಚೆ ಓಡುವುದು ಏನೂ ಅಪರೂಪ ಅಲ್ಲ. ಹಳೇ ಯಂತ್ರ ರಿಪೇರಿ ಮಾಡುವ ಪರಿಚಯದವರೊಬ್ಬರ ಹತ್ತಿರ ಟೆಸ್ಟ್ ಕ್ಯಾಸೆಟ್ ಇತ್ತು. ಅದರಲ್ಲಿರುವುದು ಒಂದೇ ಪೀಂ ಸದ್ದು, 3,000 ಹರ್ಟ್ಜ್. ನನ್ನ ಯಂತ್ರದಲ್ಲಿ ಹಾಕಿದರೆ ಕಂಪ್ಯೂಟರ್ 3,090 ತೋರಿಸಿತು. ಶೇ. 3ರಷ್ಟು ಜಾಸ್ತಿ. ಹೊಸ ಬೆಲ್ಟ್ ಹಾಕಿದ ಮೇಲಿನ ಲೆಕ್ಕ ಇದು, ಆಗಲೂ ಕರಾರುವಾಕ್ಕಾಗಿ ಇಷ್ಟೇ ಇತ್ತು ಅಂತ ಪ್ರಮಾಣ ಮಾಡಲಾರೆ. ಮೋಟಾರಿನ ಬೆನ್ನಿಗೆ ಸಣ್ಣ ತೂತು ಇರುತ್ತದೆ, ಒಳಗೆ ವೇಗದ ತಿರುಪು. ಪ್ಲಾಸ್ಟಿಕ್ ತುದಿಯ ಸ್ಕ್ರೂ ಡ್ರೈವರ್‌ನಿಂದ ತಿರುಗಿಸಿ 3,000ಕ್ಕೆ ತಂದು, ಹಾಡನ್ನು ಮತ್ತೆ ಇಳಿಸಿದೆ. ಈಗ 3 ನಿಮಿಷ 48 ಸೆಕೆಂಡು ಚಿಲ್ಲರೆ. ಇನ್ನೂ ಶೇ. 1.5ರಷ್ಟು ವೇಗ ಉಳಿದಿತ್ತು! ಅದು ಟೇಪಿನೊಳಗೇ ಕೂತಿದೆ. ಕಾಪಿ ಮಾಡಿದ ಯಂತ್ರ ನಿಧಾನ ಓಡಿದ್ದರೆ, ಸರಿಯಾದ ಯಂತ್ರದಲ್ಲಿ ಹಾಕಿದಾಗ ಹಾಡು ಓಡುತ್ತದೆ.

ಕಾಪಿ ಮಾಡಿದ್ದು ಯಾರು? ಕ್ಯಾಸೆಟ್‌ನ ಕಾರ್ಡ್ ತೆಗೆದು ನೋಡಿದೆ. ಬಾಲ ಎಳೆದ ದುಂಡು ಅಕ್ಷರ. ನನ್ನನ್ನು ನಿಧಾನ ಅಂದವನದ್ದೇ.

ಭಾನುವಾರಕ್ಕೆ ಕಾಯುವುದು ಕಷ್ಟ ಆಯಿತು. “ನಿಧಾನ ಆಗಿದ್ದು ನಾನಲ್ಲಯ್ಯಾ, ನಿಮ್ಮ ಮನೆ ಟೇಪ್ ಡೆಕ್,” ಅಂತ ಲೆಕ್ಕ ಒಪ್ಪಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪುಕ್ಕಟೆ ಕಾಪಿ ಮಾಡಿಕೊಟ್ಟಿದ್ದಕ್ಕೆ ಇದು ಬೇರೆ,” ಅಂದ. ಕಾರ್ಡ್‌ನಲ್ಲಿ ಅವನು ಡಾಲ್ಬಿ ಅಂತಲೂ ಗುರುತು ಹಾಕಿದ್ದ. ಡಾಲ್ಬಿ ಅಂದರೆ ಸುಯ್ ತಗ್ಗಿಸುವ ಉಪಾಯ: ರೆಕಾರ್ಡ್ ಮಾಡುವಾಗ ಮೇಲಿನ ಸದ್ದುಗಳನ್ನು ಏರಿಸುತ್ತದೆ, ಕೇಳುವಾಗ ಇಳಿಸುತ್ತದೆ. ಹಾಗಾಗಿ ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ್ದನ್ನು ಡಾಲ್ಬಿ ಹಾಕಿಯೇ ಕೇಳಬೇಕು. ನನ್ನ ಯಂತ್ರದಲ್ಲಿ ಆ ಗುಂಡಿಯೇ ಇಲ್ಲ. ಹಾಗಾಗಿ ತಾಳ, ಗೆಜ್ಜೆ ಎಲ್ಲ ಇರಬೇಕಾದ್ದಕ್ಕಿಂತ ಜಾಸ್ತಿ ಮಿನುಗುತ್ತಿದ್ದವು. ಆ ಹಾಡಿನ ‘ಮಿಂಚು’ ಅಂತ ನಾನು ಇಷ್ಟು ವರ್ಷ ಹೊಗಳುತ್ತಿದ್ದುದು ಇಲ್ಲದ ಒಂದು ಗುಂಡಿಯ ಮಹಿಮೆ.

ನಮ್ಮಲ್ಲಿ ಸಿನಿಮಾ ಹುಚ್ಚಿನವನು ಒಬ್ಬನಿದ್ದಾನೆ. ಅವನು ಇದಕ್ಕೆ ಇನ್ನೊಂದು ಸೇರಿಸಿದ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ನಮ್ಮಲ್ಲಿದ್ದ ಪಾಲ್ ಎಂಬ ಪದ್ಧತಿಯ ಟಿವಿ, ವಿಡಿಯೋ ಕ್ಯಾಸೆಟ್‌ಗಳು 25. ಒಂದು ಫ್ರೇಮ್ ಜಾಸ್ತಿ ಬೇಕು ಅಂತ ಸಾಮಾನ್ಯವಾಗಿ ಇಡೀ ಸಿನಿಮಾವನ್ನೇ ಬೇಗ ಓಡಿಸುತ್ತಿದ್ದರು. 150 ನಿಮಿಷದ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತಿತ್ತು, ದನಿಯೂ ಶೇ. 4ರಷ್ಟು ಮೇಲೆ. “ಥಿಯೇಟರ್‌ನಲ್ಲಿ ಒಂದು ಸಲ ನೋಡಿ, ಮನೇಲಿ ಮೂವತ್ತು ಸಲ ನೋಡಿದ್ದೇವಲ್ಲ, ನಮಗೆ ನೆನಪಿರುವ ನಾಯಕನ ಗಂಟಲು ಯಾವುದು ಹೇಳಿ,” ಅಂದ. ಆ ಸಂಜೆ ಯಾರೂ ನಿಯಮ ಮುರಿದು ಫೋನ್ ಮುಟ್ಟಲಿಲ್ಲ. ಎಲ್ಲರೂ ತಮ್ಮ ತಮ್ಮ ಯಂತ್ರ ನೆನೆಸಿಕೊಳ್ಳುತ್ತಿದ್ದರು.

1994ರಲ್ಲಿ ಡೇನಿಯಲ್ ಲೆವಿಟಿನ್ ಎಂಬ ಸಂಶೋಧಕ ವಿದ್ಯಾರ್ಥಿಗಳ ಕೈಲಿ ಅವರಿಗೆ ಪರಿಚಯದ ಪಾಪ್ ಹಾಡುಗಳನ್ನು ಬರೀ ನೆನಪಿನಿಂದ ಹಾಡಿಸಿ ನೋಡಿದ್ದ. ಹಲವರು ಮೂಲ ಶ್ರುತಿಗೆ ಹತ್ತಿರ ಹಾಡಿದ್ದರು. ಇದನ್ನು ಓದಿದ್ದು ನೆನಪಾಗಿ, ಎಲ್ಲರಿಗೂ ಆ ಪಲ್ಲವಿ ಹಾಡಿ ರೆಕಾರ್ಡ್ ಮಾಡಿ ಕಳಿಸಿ ಅಂದೆ. ಯಾರೂ ಮೊದಲು ಹಾಡು ಕೇಳುವ ಹಾಗಿಲ್ಲ. ಐದು ಜನ, ಐದು ಶ್ರುತಿ. ಡೆಕ್ ಇದ್ದವನು ಆ್ಯಪ್‌ಗೆ ಹತ್ತಿರ, ನಾನು ಅದಕ್ಕಿಂತ ಮೇಲೆ. ಒಬ್ಬಳು ಮಾತ್ರ ಎಲ್ಲರಿಗಿಂತ ಕೆಳಗೆ.

“ಅಯ್ಯೋ, ನನ್ನದು ಸೆಲ್ ಹಾಕೋ ಪ್ಲೇಯರ್ ಕಣ್ರೋ,” ಅಂದಳು. “ಹಾಸ್ಟೆಲ್‌ನಲ್ಲಿ ಸೆಲ್ ಪೂರ್ತಿ ಸಾಯೋ ತನಕ ಬದಲಾಯಿಸ್ತಾ ಇರಲಿಲ್ಲ. ರಾತ್ರಿ ಆ ಹಾಡು ಎಳೆದೂ ಎಳೆದೂ ಬರ್ತಿತ್ತು. ನನಗೆ ಅದೇ ಚೆನ್ನ.”

ನಾನು ಎರಡು ಫೈಲು ಮಾಡಿಟ್ಟಿದ್ದೆ. ಒಂದು ಸರಿ ವೇಗದ್ದು, ಒಂದು ನನ್ನ ಯಂತ್ರದ್ದು. ಅವಳು ಎರಡೂ ಬೇಡ ಅಂದಳು. “ನನ್ನದು ಮಾಡಿಕೊಡು.”

ಮಾಡಿದೆ. ಶೇ. 3 ಇಳಿಸಿ ಕಳಿಸಿದೆ. “ಇನ್ನೂ.” 6 ಇಳಿಸಿದೆ. “ಇದು ಜಾಸ್ತಿ ಆಯ್ತು, ಗಂಡಸಿನ ದನಿ ರಾಕ್ಷಸನ ದನಿ ಆಯ್ತು.” ಅವಳು ಹಾಡಿ ಕಳಿಸಿದ್ದನ್ನು ಪಕ್ಕದಲ್ಲಿಟ್ಟುಕೊಂಡು ಐದರ ಹತ್ತಿರ ಹಿಡಿದೆ. ಒಂದೇ ಸಮ ಇಳಿಸಿದರೆ ಸಾಲದು ಅಂತ ಹೊಳೆದು, ಹಾಡಿನ ಕೊನೆ ನಿಮಿಷದಲ್ಲಿ ಇನ್ನೊಂದಿಷ್ಟು ನಿಧಾನವಾಗಿ ಜಾರುವ ಹಾಗೆ ಮಾಡಿದೆ, ಸೆಲ್ ಕೈಕೊಡುವಾಗ ಆಗುತ್ತಿತ್ತಲ್ಲ, ಹಾಗೆ. ಕಳಿಸಿ ಅರ್ಧ ಗಂಟೆ ಉತ್ತರ ಇಲ್ಲ. ಆಮೇಲೆ ಒಂದೇ ಸಾಲು ಬಂತು: “ಹಾಂ. ಇದು.”

ಫೈಲಿಗೆ ‘ಸೆಲ್ ವೀಕ್’ ಅಂತ ಹೆಸರಿಟ್ಟಿದ್ದೇನೆ.