ಹೈಸ್ಕೂಲಿನಲ್ಲಿ ಡಿಜಿಟಲ್ ಚಿತ್ರಕಲೆ: ಕಸೂತಿಯಿಂದ ಶುರುವಾದ ವರ್ಷ

ಧಾರವಾಡದ ಕಡೆಯ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಹೋದ ಜೂನ್‌ನಲ್ಲಿ ಒಂಬತ್ತನೇ ಕ್ಲಾಸಿಗೆ ಕಂಪ್ಯೂಟರ್ ಲ್ಯಾಬಿನಲ್ಲಿ ಚಿತ್ರ ಬರೆಸಲು ಶುರು ಮಾಡಿದೆ. ಹಳೇ ಕಂಪ್ಯೂಟರುಗಳು, ಪೆನ್ ಟ್ಯಾಬ್ಲೆಟ್ ಒಂದೂ ಇಲ್ಲ. ಸಾಫ್ಟ್‌ವೇರ್ ಕ್ರಿಟಾ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.

ಮೌಸ್ ಹಿಡಿದು ಮುಖ ಬರೆಯೋದು ಯಾರಿಗಾದರೂ ಕಷ್ಟವೇ. ಕ್ರಿಟಾದಲ್ಲಿ ಗೆರೆಯ ನಡುಕ ತಗ್ಗಿಸುವ ಸ್ಟೆಬಿಲೈಸರ್ ಇದೆ, ನಿಜ. ಆದರೂ ಪೆನ್ಸಿಲಿನ ಓಟ ಬರುವುದಿಲ್ಲ. ಅದಕ್ಕೇ ಮೊದಲಿಗೆ ಗೆರೆ ಬಿಟ್ಟು ಚೌಕ ಹಿಡಿದೆ. ಪರದೆಯ ಚಿತ್ರದ ಒಂದೊಂದು ಪುಟ್ಟ ಚೌಕವೇ ಪಿಕ್ಸೆಲ್. 64 × 64 ಪಿಕ್ಸೆಲ್ ಹಾಳೆ, ಒಂದು ಪಿಕ್ಸೆಲ್ ಬ್ರಷ್, ವಿಷಯ ಕಸೂತಿ.

ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗೋಪುರ, ತೇರು, ಆನೆ, ತುಳಸಿಕಟ್ಟೆ, ಎಲ್ಲ ಹುಟ್ಟುವುದು ಎಣಿಕೆಯಿಂದಲೇ. ಪಿಕ್ಸೆಲ್ ಚಿತ್ರದ್ದೂ ಅದೇ ಲೆಕ್ಕ ಅಲ್ವಾ? ಮೆಂತಿ ಹೊಲಿಗೆಯ ಒಂದು ಗುಣಾಕಾರದ ಗುರುತಿಗೆ ಒಂದು ಚೌಕ. ಮುರ್ಗಿ ಹೊಲಿಗೆಯ ಮೆಟ್ಟಿಲು ಗೆರೆ ಪರದೆಯ ಮೇಲೆ ಸಲೀಸಾಗಿ ಕೂತಿತು. ತಲೆ ತಿಂದದ್ದು ಗವಂತಿ ಹೊಲಿಗೆ. ಅದರಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬಬೇಕು. ಆಗಲೇ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣೋದು. ಹೋಗುವ ದಾರಿಗೆ ಒಂದು ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯ ಹಾಗೆ), ಕೆಂಪು. ಬರುವ ದಾರಿಗೆ ಇನ್ನೊಂದು, ಹಸಿರು. ಮಕ್ಕಳು ಒಂದನ್ನು ಮುಚ್ಚಿ ಒಂದನ್ನು ತೆರೆದು ನೋಡಿದರು. ಲೇಯರ್ ಅಂದರೇನು ಅಂತ ಬೇರೆ ಪಾಠವೇ ಬೇಕಾಗಲಿಲ್ಲ.

ಕಾಗದದ ಮೇಲೆ ನಾಚಿಕೊಂಡು ಬರೆಯುತ್ತಿದ್ದ ಹುಡುಗಿಯೊಬ್ಬಳು ಮನೆಯಲ್ಲಿ ಕೇಳಿಕೊಂಡು ಬಂದಳು. "ಸರ್, ತೇರಿಗೆ ಈ ಹಾಳಿ ಸಾಲಂಗಿಲ್ರಿ. ನಮ್ಮವ್ವ ಕಳಸಕ್ಕನ ಭಾಳ ಎಳಿ ಬಿಡ್ತಾಳ್ರಿ." ಸರಿ, ಅವಳಿಗೆ ಹಾಳೆ ದೊಡ್ಡದು ಮಾಡಿಕೊಟ್ಟೆ. ಚಿತ್ರ ಚೆನ್ನಾಗಿ ಬರೆಯೋರು ಅಂತ ಹೆಸರಿದ್ದ ಹುಡುಗರು ಆ ತಿಂಗಳು ಅವಳ ಪಕ್ಕ ಕೂತು ಎಣಿಸೋದು ಕಲಿತರು. ನನಗಂತೂ ಅದು ಜಾಸ್ತಿ ಖುಷಿ ಕೊಟ್ಟಿತು.

ಇದನ್ನು ಮಾಡುವವರಿಗೆ ಎರಡು ಮಾತು. ಕೆಲಸವನ್ನು ಜೆಪೆಗ್ ಆಗಿ ಉಳಿಸಬೇಡಿ, ಚೌಕದ ಅಂಚು ಮಸುಕಾಗುತ್ತದೆ. ಪಿಎನ್‌ಜಿ ಇರಲಿ. ಹಿಗ್ಗಿಸುವಾಗ ಇದ್ದ ಬಣ್ಣವನ್ನೇ ಹಾಗೇ ದೊಡ್ಡದು ಮಾಡುವ ನಿಯರೆಸ್ಟ್ ನೇಬರ್ ಆಯ್ಕೆ ಮಾಡಿ, ಇಲ್ಲದಿದ್ದರೆ ಕಂಪ್ಯೂಟರ್ ನಡುವೆ ಹೊಸ ಬಣ್ಣ ಬೆರೆಸಿಬಿಡುತ್ತದೆ. ಇನ್ನು ಪ್ರಿಂಟಿನ ಗೋಳು ಇದ್ದದ್ದೇ. ಪರದೆಯದು ಬೆಳಕಿನ ಬಣ್ಣ, ಪ್ರಿಂಟರಿನದು ಶಾಯಿ. ಮಿಂಚುವ ಹಸಿರು ಕಾಗದದ ಮೇಲೆ ಮಂಕಾಗಿಯೇ ಬರುತ್ತದೆ. ಮೊದಲೇ ಹೇಳಿಡದಿದ್ದರೆ ಮಕ್ಕಳು ಬೇಜಾರಾಗುತ್ತಾರೆ.

ಅಂಕ ಕೊಡಲು ಬರೀ ಚಿತ್ರ ನೋಡಲಿಲ್ಲ, ಕ್ರಿಟಾ ಫೈಲನ್ನೇ ಕೇಳಿದೆ. ಲೇಯರ್ ಬಿಚ್ಚಿದರೆ ಯಾರು ಯೋಚಿಸಿ ಮಾಡಿದ್ದಾರೆ, ಯಾರು ಸುಮ್ನೆ ಇಂಟರ್ನೆಟ್‌ನಿಂದ ಎತ್ತಿ ಅಂಟಿಸಿದ್ದಾರೆ ಅಂತ ಗೊತ್ತಾಗುತ್ತದೆ. ಈ ವರ್ಷ ಇಂಕ್‌ಸ್ಕೇಪ್ ಸೇರಿಸುತ್ತಿದ್ದೇನೆ, ಅದು ಚೌಕದ ಬದಲು ಗೆರೆಗಳಿಂದಲೇ ಚಿತ್ರ ಕಟ್ಟುವ ಸಾಫ್ಟ್‌ವೇರ್. ಚುಕ್ಕಿ ರಂಗೋಲಿಯ ಬಳ್ಳಿಗೆ ಚೌಕ ಸಾಲದು, ಬಾಗುವ ಗೆರೆಯೇ ಬೇಕು.